ಕಾಣ್ಸಲ್ಲ, ಅಷ್ಟೆ

ಮೂರು ವಾರ ಹುಡುಕಿ ತಂದ ಬಣ್ಣ ಅದು.
ಸ್ಯಾಂಕಿ ಕೆರೆಯ ಮೇಲೆ ಬೆಳಗಿನ ಆರೂಕಾಲಕ್ಕೆ
ಬೆಳಕು ತಾನು ಬೂದಿಯೋ ಬೆಳ್ಳಿಯೋ ಎಂದು
ಇನ್ನೂ ತೀರ್ಮಾನಿಸದ ಹೊತ್ತಿನದು.
ಅದರ ಮೇಲೆ ಅದಕ್ಕಿಂತ ಒಂದೆಳೆ ಗಾಢವಾದ
ಅಕ್ಷರ, ಕೂದಲಿನಷ್ಟು ತೆಳು.
ಮೂಲೆಯಲ್ಲೊಂದು ಹನಿ. ಬರೀ ಹನಿ, ಹೆಸರಿಲ್ಲ.
ಒತ್ತಿದರೆ ಲೋಡು ಇಳಿಸಿದ್ದಾಯಿತು ಎಂದರ್ಥ.
ಅರ್ಥ ಹೇಳಿಬಿಟ್ಟರೆ ಅಂದವೆಲ್ಲಿ ಉಳಿಯಿತು
ಎಂದಿದ್ದೆ ಮೀಟಿಂಗಿನಲ್ಲಿ.
ಎಚ್ಚೆಸ್ಸಾರ್ ಲೇಔಟು, ಗಾಜಿನ ಕೋಣೆ,
ಇಪ್ಪತ್ತು ಡಿಗ್ರಿಯ ಏಸಿ.
ಎಲ್ಲರೂ ಪರದೆಗೆ ಚಪ್ಪಾಳೆ ತಟ್ಟಿದ್ದರು.

ಬಿಸಿಲನ್ನು ಯಾರೂ ಮೀಟಿಂಗಿಗೆ ಕರೆದಿರಲಿಲ್ಲ.

ಪಣತ್ತೂರಿನ ಅಂಡರ್‌ಪಾಸ್ ದಾಟಿದ ಮೇಲೆ,
ಏಪ್ರಿಲ್ ತಿಂಗಳ ಹನ್ನೆರಡೂವರೆ.
ದೊಡ್ಡಕನ್ನೆಲ್ಲಿಯ ಪಿಳ್ಳಪ್ಪನವರ
ಬಲಗೈಯಲ್ಲಿ ಟ್ಯಾಂಕರಿನ ಪೈಪು,
ಎಡಗೈಯಲ್ಲಿ ನನ್ನ ಮೂರು ವಾರ.
ಫೋನನ್ನು ಎದೆಯ ನೆರಳಿಗೆ ತಂದರು,
ಗದ್ದದ ನೆರಳಿಗೆ ತಂದರು,
ಕೊನೆಗೆ ಟ್ಯಾಂಕರಿನ ಹೊಟ್ಟೆಯ ಕೆಳಗೆ
ಕುಕ್ಕರುಗಾಲಲ್ಲಿ ಕೂತು ನೋಡಿದರು.
ಹೆಬ್ಬೆರಳು ಗಾಜಿನ ಮೇಲೆ ಹೋಗಿ ಬಂತು
ಕರೆಂಟು ಹೋದ ಮನೆಯಲ್ಲಿ ಬೆಂಕಿಪೊಟ್ಟಣ ತಡಕುವ ಹಾಗೆ.
"ಚೆಂದಾಗೈತೆ ಮೇಡಂ,"
ಅಂದರು, ನನ್ನ ಮುಖ ನೋಡಿ ಪಾಪ ಅನ್ನಿಸಿ.
"ಕಾಣ್ಸಲ್ಲ, ಅಷ್ಟೆ."

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಕಾಂಟ್ರಾಸ್ಟ್ ಸಾಲದು.

ಆಮೇಲೆ ನೋಡಿದೆ ಅವರ ಗಾಡಿಯನ್ನು.
ಹಿಂಬದಿಗೆ ನೀಲಿ, ನೀಲಿಯ ಮೇಲೆ ಗೇಣುದ್ದ ಹಳದಿಯಲ್ಲಿ
ಕುಡಿಯುವ ನೀರು.
ಒಂದೊಂದು ಅಕ್ಷರಕ್ಕೂ ಕಪ್ಪು ನೆರಳು,
ಪೇಂಟರು ಅದಕ್ಕೇ ಇನ್ನೂರು ಹೆಚ್ಚಿಗೆ ಕಿತ್ತನಂತೆ.
'ಕು'ವಿನ ಕೊಂಬು ಬೆಳೆದು ಬಾತುಕೋಳಿಯ ಕತ್ತಾಗಿತ್ತು,
ಆದರೂ 'ಕು' ಎಂದೇ ಓದಿಸಿಕೊಳ್ಳುತ್ತಿತ್ತು, ನೂರಡಿ ದೂರಕ್ಕೆ.
ಎರಡು ಕಮಲ, ಯಾರೂ ಕೇಳದಿದ್ದರೂ.
ಮೂರು ವಾಲ್ವು. ನಡುವಿನದಕ್ಕೆ ಮಾತ್ರ
ಹಳೇ ಸೀರೆಯ ಕೆಂಪು ಅಂಚು ಸುತ್ತಿ ಗಂಟು.
ಇದ್ಯಾಕೆ ಎಂದೆ.
"ರಾತ್ರಿ ಹೊತ್ತು ಕೈಗೆ ಗೊತ್ತಾಗ್ಬೇಕಲ್ಲ.
ಬಿಸ್ಲಲ್ಲಿ ಸುಡ್ಲೂಬಾರ್ದು."
ಸ್ವಲ್ಪ ತಡೆದು,
"ಕೆಂಪು ಚೆಂದ ಅಲ್ವಾ?"

ಇದಕ್ಕೆ ಆರು ತಿಂಗಳ ಕೋರ್ಸಿದೆ.
ಶನಿವಾರಗಳಲ್ಲಿ ನಾನೇ ಪಾಠ ಮಾಡುತ್ತೇನೆ.

ಮರಳಿ ಬಂದು ಗುಂಡಿ ಹಿಗ್ಗಿಸಿದೆ, ಹೆಬ್ಬೆರಳಗಲ.
ಈ ಊರಿನಲ್ಲಿ ಹುಡುಕಿದರೂ ಸಿಗದ ಗುಂಡಿ
ಅದೊಂದೇ ಇದ್ದದ್ದು.
ಹನಿಯ ಕೆಳಗೆ ಬರೆದೆ: ನೀರು ಇಳಿಸಿದೆ.
ಹಿನ್ನೆಲೆಗೆ ಕಡುನೀಲಿ, ಅಕ್ಷರಕ್ಕೆ ಹಳದಿ.
"ಲಾರಿ ಇದ್ದ ಹಾಗಿದೆ," ಅಂದಳು ಸುಮೇಧಾ.
ಅಲ್ಲ, ಟ್ಯಾಂಕರು, ಅಂದೆ.
ಯಾರೂ ನಗಲಿಲ್ಲ.
ಎರಡು ಗಂಟೆ ಜಗಳ. ಹಳದಿಯಲ್ಲಿ ಗೆದ್ದೆ,
ಗಾತ್ರದಲ್ಲಿ ಅರ್ಧ ಸೋತೆ,
ಮೂಲೆಗಳ ದುಂಡು ಯಾರಿಗೂ ಒಪ್ಪದೆ ಹಾಗೇ ಉಳಿಯಿತು.

ಸ್ಯಾಂಕಿ ಕೆರೆಯನ್ನು ಪೂರ್ತಿ ಬಿಡಲು ನನ್ನಿಂದಲೂ ಆಗಲಿಲ್ಲ.
ಒತ್ತಿದ್ದು ಒಪ್ಪಿತವಾದ ಮೇಲೆ, ಕೆಲಸವೆಲ್ಲ ಮುಗಿದ ಮೇಲೆ,
ಒಂದೂವರೆ ಸೆಕೆಂಡು
ಆ ಬೂದಿಬೆಳ್ಳಿ ಪರದೆ ತುಂಬ ಹಬ್ಬಿ ಆರುತ್ತದೆ.
ಯಾರಿಗೂ ಅಡ್ಡವಿಲ್ಲ, ಉಪಯೋಗವೂ ಇಲ್ಲ.
ನನ್ನ ಎರಡು ಕಮಲ.

ಮೊನ್ನೆ ಭಾನುವಾರ ತಲೆಗೆ ಸೀಗೆಪುಡಿ ಹಚ್ಚಿಕೊಂಡ ಹೊತ್ತಿಗೇ
ನಲ್ಲಿ ಒಂದು ಸಲ ಕೆಮ್ಮಿ ಸುಮ್ಮನಾಯಿತು.
ಒಂದು ಕಣ್ಣು ಮುಚ್ಚಿ, ಇನ್ನೊಂದು ಉರಿಯುತ್ತಾ,
ನಾನೇ ಮಾಡಿದ ಪರದೆಯಲ್ಲಿ ಟ್ಯಾಂಕರು ಕರೆಯಲು ಹೋದೆ.
ಹಳದಿ ಕಂಡಿತು. ಚೆಂದಾಗೂ ಇತ್ತು.
ಗಾಜು ಮಾತ್ರ ಒದ್ದೆ ಬೆರಳನ್ನು
ಬೆರಳೆಂದು ಒಪ್ಪಲಿಲ್ಲ.
ಟವೆಲ್ಲಿಗೆ ಒರೆಸಿ ಒತ್ತಿದೆ, ಟವೆಲ್ಲೂ ಒದ್ದೆ.
ಗೋಡೆಗೆ ಒರೆಸಿ ಒತ್ತಿದೆ.
ಕೊನೆಗೆ ಬಗ್ಗಿ
ಮೂಗಿನ ತುದಿಯಿಂದ ಒತ್ತಿದೆ.

ಸೋಮವಾರದ ಪಟ್ಟಿಯಲ್ಲಿ ಮೊದಲನೆಯದು:
ಮೂಗು.